ವಾಂತಿ ಬಾರದ ಕಾರು

ನಮ್ಮ ಮಾವನವರ ಮೆಚ್ಚುಗೆ ಗಳಿಸುವುದು ಸುಲಭದ ಮಾತಾಗಿರಲಿಲ್ಲ. ಅವರ ಮಗ, ಅಂದರೆ ನನ್ನ ಯಜಮಾನರು, ಬಿ.ಎಸ್ಸಿ. ಪಾಸು ಮಾಡಿ ಸ್ವೀಟು ಹಿಡಿದು ಬಂದಾಗ, "ಸರಿ, ತೋಟಕ್ಕೆ ನೀರು ತಿರುಗ್ಸು ಓಗು" ಅಂದರಂತೆ. ನಾನೋ, ಆ ಮನೆಯ ಹೊಸಿಲು ದಾಟುವ ಹೊತ್ತಿಗೇ ಅವರ ಮೆಚ್ಚಿನ ಸೊಸೆಯಾಗಿಬಿಟ್ಟೆ. ಹೇಗೆ ಅಂತೀರಾ? ವಾಂತಿ ಮಾಡಿ!

ನಗಬೇಡಿ, ಪೂರ್ತಿ ಕೇಳಿ. ತುಮಕೂರಿನಲ್ಲಿ ಮದುವೆ ಮುಗಿಸಿ, ದಿಬ್ಬಣದ ಬಸ್ಸಿನಲ್ಲಿ ನಮ್ಮನ್ನು ಯಲಹಂಕದ ಹತ್ತಿರದ ಸಿಂಗಾಪುರಕ್ಕೆ ಕರೆತಂದರು. ಈಗ ಲೇಔಟ್ ಮೇಲೆ ಲೇಔಟ್ ಆಗಿರುವ ಸಿಂಗಾಪುರ ಆಗ ಅಪ್ಪಟ ಹಳ್ಳಿ. ಮಾವನವರದು ದ್ರಾಕ್ಷಿ ತೋಟ, ಹಟ್ಟಿ ತುಂಬ ಹಸು. ದಾರಿಯುದ್ದಕ್ಕೂ ನಾನು ಹಲ್ಲು ಕಚ್ಚಿ ಕೂತಿದ್ದೆ. ಹೊಸಿಲ ಮೇಲಿನ ಅಕ್ಕಿ ಸೇರನ್ನು ಬಲಗಾಲಲ್ಲಿ ಒದ್ದೆ. ಅಕ್ಕಿ ಒಳಕ್ಕೆ ಬಿತ್ತು, ಮದುವೆ ಊಟ ಹೊರಕ್ಕೆ ಬಿತ್ತು. ನೆರೆದಿದ್ದ ಹೆಂಗಸರೆಲ್ಲ ಗುಸುಗುಸು. ಒಬ್ಬಾಕೆಯಂತೂ ಮೂಗಿನ ಮೇಲೆ ಬೆರಳಿಟ್ಟಿದ್ದು ನನಗೇ ಕಂಡಿತು. ತಾಳಿ ಕಟ್ಟಿಸಿಕೊಂಡು ಒಂದು ಹಗಲು ಕೂಡ ಆಗಿರಲಿಲ್ಲ, ಅವರು ಏನೆಂದುಕೊಂಡರು ಅಂತ ನಾನು ಬಿಡಿಸಿ ಹೇಳಬೇಕೆ?

ಆಗ ಮಾವನವರು ಒಂದು ಚೊಂಬು ನೀರು ಹಿಡಿದು ಗುಂಪಿನ ನಡುವೆ ನುಗ್ಗಿ ಬಂದರು. ಬಸ್ಸಿನಲ್ಲಿ ಬಂದಿದ್ದಕ್ಕೇ ಹೀಗಾಯಿತಾ ಅಂತ ಕೇಳಿದರು. ನಾನು ಹೂಂ ಅಂದೆ. ಯಾವಾಗಲೂ ಹೀಗೇನಾ ಅಂದರು. ಹೂಂ ಮಾವ ಅಂದೆ. ಅವರ ಮುಖ ಊರಗಲವಾಯಿತು. "ನೋಡ್ರಪ್ಪಾ, ನಮ್ಮ ಮನೆಯೋಳ ಜೊತೆಗೆ ಇನ್ನೊಬ್ಳು ಸಿಕ್ಕುದ್ಲು" ಅಂತ ಎಲ್ಲರಿಗೂ ಸಾರಿದರು. ಯಾವ ಮಾವ ಹೊಸ ಸೊಸೆಯ ವಾಂತಿಗೆ ಇಷ್ಟು ಸಂತೋಷಪಟ್ಟಾರು? ನನ್ನನ್ನು ಹುಚ್ಚರ ಮನೆಗೆ ಕೊಟ್ಟರಲ್ಲಪ್ಪಾ ಅಂತ ಅವತ್ತು ನಿಜವಾಗಿಯೂ ಅಳು ಬಂತು.

'ನಮ್ಮ ಮನೆಯೋಳು' ಅಂದರೆ ನಮ್ಮ ಅತ್ತೆ. ಬಸ್ಸು ದೂರದಲ್ಲಿ ಕಂಡರೆ ಸಾಕು, ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಅವರ ತವರು ಮಾಗಡಿಯಿಂದಾಚೆಯ ಒಂದು ಹಳ್ಳಿ. ಅಲ್ಲಿಗೆ ರೈಲಿಲ್ಲ, ಗಾಡಿ ಕಟ್ಟಿಕೊಂಡು ಹೋದರೆ ದಾರಿಯಲ್ಲೊಂದು ರಾತ್ರಿ ತಂಗಬೇಕು. ಹಟ್ಟಿ ಬಿಟ್ಟು ಅಷ್ಟು ದಿನ ಹೋಗುವುದು ಯಾರಿಂದಾದೀತು? ಹಿಂದೆ ಅವರ ಅಪ್ಪ ತೀರಿಕೊಂಡ ಸುದ್ದಿ ಬಂದಾಗ, ಆಗಿದ್ದಾಗಲಿ ಅಂತ ಮಾವ ಅವರನ್ನು ಬಸ್ಸು ಹತ್ತಿಸಿದರಂತೆ. ನೆಲಮಂಗಲದಲ್ಲೇ ಅತ್ತೆ ಕೆಳಗಿಳಿದು ಛತ್ರದ ಜಗಲಿಯಲ್ಲಿ ಮಲಗಿಬಿಟ್ಟರು, ಏಳಲಾಗಲಿಲ್ಲ. ಮರುದಿನ ಗಾಡಿ ಮಾಡಿಕೊಂಡು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪನ ಮುಖ ಸಿಗಲಿಲ್ಲ. ಅತ್ತೆ ಆ ಮಾತನ್ನು ಮತ್ತೆ ಎತ್ತಲಿಲ್ಲ, ಮಾವ ಅದನ್ನು ಮರೆಯಲಿಲ್ಲ. ಊರಲ್ಲಿ ಈಗ ಮಗನ ಜೊತೆ ಉಳಿದಿದ್ದವರು ಅತ್ತೆಯ ಅವ್ವ. ಕಣ್ಣು ಮಂಜು, ಕಾಲಲ್ಲಿ ಬಲವಿಲ್ಲ.

ಆ ವರ್ಷ ದ್ರಾಕ್ಷಿ ಚೆನ್ನಾಗಿ ಬಂತು. ಮಾವನವರು ಕಾರು ಕೊಳ್ಳುವುದಾಗಿ ಘೋಷಿಸಿದರು. ಊರಿನವರಿಗೆ ಹೇಳಿದ್ದು ವ್ಯಾಪಾರಕ್ಕೆ ಅಂತ. ನಿಜವಾದ ಕಾರಣವನ್ನು ನನ್ನೊಬ್ಬಳಿಗೆ ಹೇಳಿ, ಅತ್ತೆಯ ಕಿವಿಗೆ ಬೀಳಬಾರದು ಅಂತ ಆಣೆ ಹಾಕಿಸಿಕೊಂಡರು. ಆಸೆ ಹುಟ್ಟಿಸಿ ಆಮೇಲೆ ಆಗದೇ ಹೋದರೆ ಅನ್ನುವ ಭಯ ಅವರಿಗೆ.

ಆಗ ಸಂಸಾರಸ್ಥರು ಕೊಳ್ಳುವ ಕಾರು ಅಂತ ನಮ್ಮ ಕಡೆ ಕಾಣುತ್ತಿದ್ದದ್ದು ಎರಡೇ. ಒಂದು ಹೊಟ್ಟೆ ಬಂದ ಸಾಹುಕಾರರ ಥರ ಗುಂಡುಗುಂಡಗಿನದು, ಇನ್ನೊಂದು ಚಿಕ್ಕದು, ಚೊಕ್ಕದು. ಹೆಸರು ನಿಮಗೂ ಗೊತ್ತು, ಈ ವಯಸ್ಸಿನಲ್ಲಿ ನನಗೆ ಯಾಕೆ ಕಂಪನಿಯವರ ನಿಷ್ಠುರ? ನಮ್ಮ ಮನೆಯಲ್ಲಿ ಅವನ್ನು ದೊಡ್ಡದು, ಚಿಕ್ಕದು ಅಂತಲೇ ಕರೆಯುತ್ತಿದ್ದೆವು. ಕಾರು ಬೇಕಾದರೆ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಬಂದಮೇಲೆ ಇದಲ್ಲ ಅದು ಬೇಕಿತ್ತು ಅನ್ನುವಂತಿಲ್ಲ. ಹಾಗಾಗಿ ಯಾವುದರಲ್ಲಿ ವಾಂತಿ ಬರುವುದಿಲ್ಲ ಅಂತ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಗೊತ್ತುಮಾಡುವ ಯಂತ್ರ ಯಾವುದು ಅಂತ ನಿಮಗಿಷ್ಟರಲ್ಲಿ ಹೊಳೆದಿರಬೇಕು. ನಾನೇ!

ದೊಡ್ಡದು ಯಲಹಂಕದ ಡಾಕ್ಟರ ಹತ್ತಿರವಿತ್ತು. ಮಾವ ಅವರಿಗೆ ಒಂದು ಮಂಕರಿ ದ್ರಾಕ್ಷಿ ಕೊಟ್ಟು ಚಿಕ್ಕಜಾಲದವರೆಗೆ ಒಂದು ಸುತ್ತು ಹೋಗಿಬರಲು ಒಪ್ಪಿಸಿದರು. ಹೊರಡುವ ಮೊದಲು ನನಗೆ ಒಂದು ರಾಗಿ ಮುದ್ದೆ, ಹುರುಳಿ ಸಾರು. ಪರೀಕ್ಷೆ ಅಂದಮೇಲೆ ಎರಡು ಕಾರಿಗೂ ಒಂದೇ ಊಟ ಇರಬೇಕಂತೆ, ಇಲ್ಲವಾದರೆ ಒಂದು ಕಾರಿಗೆ ಅನ್ಯಾಯವಾಗುತ್ತದಂತೆ! ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಇನ್ನೊಂದು ಮಂಕರಿ ದ್ರಾಕ್ಷಿ ಇಟ್ಟರು. ದ್ರಾಕ್ಷಿ ಬೆಳೆಯುವವರಿಗೆ ಗೊತ್ತು, ಗಾಡಿ ಕುಲುಕಿದರೆ ಗೊಂಚಲಿನಿಂದ ಹಣ್ಣು ಉದುರುತ್ತದೆ. ಎಷ್ಟು ಉದುರಿತು ಅಂತ ನೋಡಿದರೆ ಎಷ್ಟು ಕುಲುಕಿತು ಅಂತ ತಿಳಿಯುತ್ತದೆ. ಈ ಬುದ್ಧಿ ಬಿ.ಎಸ್ಸಿ. ಪಾಸಾದವರಿಗೆ ಹೊಳೆದಿರಲಿಲ್ಲ ಬಿಡಿ.

ಡಾಕ್ಟರು ಹೆರಿಗೆಗೆ ಹೊರಟವರ ಹಾಗೆ ಓಡಿಸಿದರು. ಚಿಕ್ಕಜಾಲ ಕಣ್ಣಿಗೆ ಬೀಳುವ ಮುಂಚೆಯೇ ನಾನು ಬಾಗಿಲು ತೆಗೆಸಿ ಹುಣಸೆಮರದ ಬುಡಕ್ಕೆ ಓಡಿದೆ. ಡಾಕ್ಟರು ನನ್ನ ನಾಡಿ ಹಿಡಿದು, ಮಾವನ ಕಡೆ ಕಣ್ಣು ಮಿಟುಕಿಸಿ, ಸಿಹಿ ಯಾವಾಗ ಅಂತ ಕೇಳಿದರು. ಮಾವನವರು ದ್ರಾಕ್ಷಿ ಮಂಕರಿಯಿಂದ ತಲೆ ಎತ್ತಲೇ ಇಲ್ಲ. "ಅಂಥದ್ದೇನಿಲ್ಲ ಡಾಕ್ಟ್ರೇ. ಇದು ನಿಮ್ ಕಾರಿಂದ ಆಗಿರೋದು" ಅಂದರು. ಡಾಕ್ಟರು ಬಾಗಿಲನ್ನು ದಡಾರನೆ ಹಾಕಿಕೊಂಡು ಕಾರು ತಿರುಗಿಸಿದರು.

ಚಿಕ್ಕದು ಯಶವಂತಪುರದ ಎಣ್ಣೆ ಗಿರಣಿಯ ಯಜಮಾನರದು. ಮತ್ತೆ ದ್ರಾಕ್ಷಿ, ಮತ್ತೆ ಮುದ್ದೆ, ಮತ್ತೆ ನಾನು. ಈ ಸಲ ಹೆಸರಘಟ್ಟಕ್ಕೆ. ಗಿರಣಿಯ ಡ್ರೈವರ್ ಸೀಟಿ ಹೊಡೆಯುತ್ತಾ ಗುಂಡಿ ಹುಡುಕಿ ಹುಡುಕಿ ಇಳಿಸಿದ. ಕೆರೆ ಏರಿಯ ಮೇಲೆ ನನ್ನ ಕೆಲಸ ನಾನು ಮಾಡಿದೆ. ಮಾವನವರು ರಸ್ತೆ ಪಕ್ಕ ಕುಕ್ಕರಗಾಲಲ್ಲಿ ಕೂತು, ಟವಲ್ ಹಾಸಿ, ಉದುರಿದ ಹಣ್ಣುಗಳನ್ನೆಲ್ಲ ಗುಡ್ಡೆ ಹಾಕಿ ದಿಟ್ಟಿಸುತ್ತಿದ್ದರು. ಹೋಗುವವರೆಲ್ಲ ದ್ರಾಕ್ಷಿ ಹೇಗೆ ಅಂತ ದರ ಕೇಳುತ್ತಿದ್ದರು. "ಎಲ್ಡರಲ್ಲೂ ಉದುರ್ತದಲ್ಲಮ್ಮ" ಅಂತ ಅವರು ಮುಖ ಸಣ್ಣದು ಮಾಡಿಕೊಂಡರು. ನನ್ನ ಸಂಕಟ ಮರೆತು ಅವರನ್ನು ನೋಡಿ ಅಯ್ಯೋ ಅನ್ನಿಸಿತು.

ಆದರೆ ಮಾವನವರು ಅಷ್ಟಕ್ಕೆ ಬಿಡುವ ಆಸಾಮಿಯೇ? ಅದೇ ಮಂಕರಿಯನ್ನು ತಮ್ಮ ಎತ್ತಿನ ಗಾಡಿಯಲ್ಲಿಟ್ಟು ಅದೇ ದಾರಿಯಲ್ಲಿ ತಾವೇ ಹೊಡೆದುಕೊಂಡು ಹೋಗಿ ಬಂದರು. ಹೆಚ್ಚು ಕಡಿಮೆ ಒಂದು ಹಣ್ಣೂ ಉದುರಿರಲಿಲ್ಲ. ದೋಷ ಕಾರಿನದಲ್ಲ, ಓಡಿಸುವವನದು ಅಂತ ತೀರ್ಮಾನಿಸಿ, ಐವತ್ತು ದಾಟಿದ ಮೇಲೆ, ದ್ರಾಕ್ಷಿ ಸಾಗಿಸುವ ಲಾರಿಯಲ್ಲಿ ಡ್ರೈವಿಂಗ್ ಕಲಿಯಲು ಶುರುಮಾಡಿದರು. ಬ್ರೇಕ್ ಒತ್ತುವಾಗ ಎತ್ತಿಗೆ ಹೇಳುವ ಹಾಗೆ "ಹೋ, ಹೋ" ಅನ್ನುವುದು, ಏರು ಬಂದಾಗ ಲೊಚಗುಟ್ಟುವುದು ಕೊನೆಯವರೆಗೂ ಬಿಡಲಿಲ್ಲ. ಲಾರಿ ಇಳಿದು ತಳ್ಳಬೇಕಾಗಿ ಬಂದಾಗ ಬಾನೆಟ್ಟಿನ ಬೆನ್ನು ತಟ್ಟುತ್ತಿದ್ದರು ಕೂಡ.

ಓಡಿಸುವುದೇನೋ ಬಂತು, ದೊಡ್ಡದೋ ಚಿಕ್ಕದೋ ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಪೆಟ್ರೋಲು ಕಡಿಮೆ ಕುಡಿಯುತ್ತದೆ ಅಂತ ನಮ್ಮ ಯಜಮಾನರು ಚಿಕ್ಕದರ ಪರ. ಮನೆ ಮಂದಿಯೆಲ್ಲ ಹಿಡಿಸುತ್ತದೆ ಅಂತ ನಾನು ದೊಡ್ಡದರ ಪರ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಇದೇ ವಾಗ್ವಾದ. ಅತ್ತೆ ಸಾರು ಬಡಿಸುತ್ತಾ, ಗಂಡಸರಿಗೆ ದೌಲತ್ತು ಜಾಸ್ತಿಯಾಯಿತು ಅಂತ ಗೊಣಗುತ್ತಿದ್ದರು. ಮಾವ ಇದ್ದಕ್ಕಿದ್ದಂತೆ ಅವರನ್ನೇ ಕೇಳಿಬಿಟ್ಟರು, ಯಾವುದು ತರೋಣ ಅಂತ.

"ನನ್ನೇನು ಕೇಳ್ತೀರ? ನಾನೇನು ಅದ್ರೊಳಗೆ ಕೂರೋಳಾ?" ಅಂದರು ಅತ್ತೆ.

"ನೀನು ಕೂರ್ಲಿ ಅಂತಾನೇ ಕಣೆ ತರ್ತಿರೋದು. ನಿಮ್ಮವ್ವನ್ನ ನೋಡಕ್ಕೆ."

ಅತ್ತೆಯ ಕೈಯಲ್ಲಿ ಸೌಟು ಹಾಗೇ ನಿಂತಿತು. ಸಾರು ನನ್ನ ಎಲೆಯಂಚಿನಿಂದ ಹರಿದು ಮಣೆಯವರೆಗೂ ಬಂತು. ಅತ್ತೆ ಮೆಲ್ಲಗೆ ಕೇಳಿದರು, "ಯಾವುದ್ರಲ್ಲಿ ಅವ್ವ ಕಾಲು ಚಾಚ್ಕೊಂಡು ಮಲಗ್ಬೋದು?"

ನೋಡಿ, ಅಷ್ಟೂ ದ್ರಾಕ್ಷಿ, ಅಷ್ಟೂ ಮುದ್ದೆ, ನನ್ನ ಅಷ್ಟೂ ವಾಂತಿ ದಂಡ! ನಾನೂ ಮಾವನೂ ಅತ್ತೆಯನ್ನು ಹೇಗೆ ಕಳಿಸುವುದು ಅಂತ ಯೋಚಿಸುತ್ತಿದ್ದೆವು, ಅವರು ಅವ್ವನನ್ನು ಹೇಗೆ ಕರೆತರುವುದು ಅಂತ ಯೋಚಿಸಿದ್ದರು. ಮರುದಿನವೇ ಮಾವ ದೊಡ್ಡದನ್ನು ಬುಕ್ ಮಾಡಿ ಬಂದರು.

ಆಮೇಲೆ ಶುರುವಾಯಿತು ಕಾಯುವ ಶಿಕ್ಷೆ. ಮಾಗಡಿ ಕಡೆಯಿಂದ ಯಾರಾದರೂ ಗೇಟು ತೆಗೆದರೆ ಅತ್ತೆಯ ಮುಖ ಬಿಳಚಿಕೊಳ್ಳುತ್ತಿತ್ತು. ಅಜ್ಜಿಗೆ ಜ್ವರವಂತೆ, ಅಜ್ಜಿ ಬಿದ್ದರಂತೆ. ಮಾವ ಪ್ರತಿ ಸಲವೂ ಕಾರಿನಂಗಡಿಗೆ ಹೋಗಿ ಬರುತ್ತಿದ್ದರು, ಅಂಗಡಿಯವರು ಪ್ರತಿ ಸಲವೂ ಇನ್ನೂ ಟೈಮಿದೆ ಅನ್ನುತ್ತಿದ್ದರು. ಈ ನಡುವೆ ನನಗೆ ವಾಂತಿಯ ಅಸಲಿ ಕಾರಣವೂ ಒದಗಿಬಂತು. ಆಗ ಒಬ್ಬರಾದರೂ ನಂಬಬೇಕಲ್ಲ! ಬೆಳಗ್ಗೆದ್ದು ಬಚ್ಚಲಿಗೆ ಓಡಿದರೆ, ಯಾವ ಬಸ್ಸು ಹತ್ತಿದ್ದೆ ಅಂತ ಮಾವ ಕೇಳಿದರು.

ಮಗುವಿಗೆ ಮಾತು ಬರುವ ಹೊತ್ತಿಗೆ ಕಾರು ಬಂತು. ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡಿದೆವು. ಮಗುವನ್ನು ಯಜಮಾನರ ಕೈಗಿಟ್ಟು, ಅತ್ತೆಯ ಆರೈಕೆಗೆ ನಾನೂ ಹೊರಟೆ. ಮುಂದಿನ ಸೀಟು, ಕಿಟಕಿಯ ಗಾಳಿ, ನಿಧಾನದ ಸವಾರಿ ಸಿಕ್ಕಿದರೆ ನನ್ನ ಹೊಟ್ಟೆ ಸುಮ್ಮನಿರುತ್ತದೆ ಅಂತ ಅಷ್ಟರಲ್ಲಿ ತಿಳಿದಿತ್ತು. ಮಾವ ದ್ರಾಕ್ಷಿ ಹೇರಿದ ಗಾಡಿಯಂತೆಯೇ ಓಡಿಸಿದರು. ಸೈಕಲ್ಲಿನವರು ನಮ್ಮನ್ನು ದಾಟಿಕೊಂಡು ಹೋದರು, ಹಾಲಿನ ಕ್ಯಾನು ಕಟ್ಟಿಕೊಂಡವನೊಬ್ಬ ಹಿಂತಿರುಗಿ ನೋಡಿ ನಕ್ಕ. ಇಷ್ಟಾದರೂ ಅತ್ತೆ ಜಾಲಹಳ್ಳಿ ದಾಟುವ ಮೊದಲೇ ವಾಂತಿ ಮಾಡಿಕೊಂಡರು. ಆಮೇಲೂ ಮಾಡಿಕೊಂಡರು, ಮಾಗಡಿಯ ಹತ್ತಿರ ಮತ್ತೂ ಮಾಡಿಕೊಂಡರು. ಮಾವ ಪ್ರತಿ ಸಲ ಇಳಿದು ಬಂದು, ಅವರ ಹಣೆ ಹಿಡಿದು, ಬಾಯಿ ಮುಕ್ಕಳಿಸಲು ನೀರು ಕೊಟ್ಟರು. ಪಾಪ, ಪರೀಕ್ಷೆಯಲ್ಲಿ ಫೇಲಾದ ಹುಡುಗನ ಮುಖ ಅವರದು. ವಾಪಸು ಹೋಗೋಣವೇ ಅಂತ ಕೇಳಿದರು. ಅತ್ತೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಸುಮ್ಮನೆ ನಡೀರಿ ಅಂದರು.

ಅಜ್ಜಿ ಜಗಲಿಯ ಮೇಲೆ ಕೂತಿದ್ದರು. ಮಗಳ ಮುಖವನ್ನು ಎರಡು ಕೈಯಲ್ಲೂ ಸವರಿ ನೋಡಿ, ಯಾವ ಬಸ್ಸಿಗೆ ಬಂದೆ ಮಗಾ ಅಂತ ಕೇಳಿದರು. ಅತ್ತೆ ಆ ಕೈಗಳನ್ನು ಕಣ್ಣಿಗೊತ್ತಿಕೊಂಡರು.

ಯಲಹಂಕದ ಡಾಕ್ಟರಿಗೆ ತೋರಿಸುವ ನೆಪ ಹೇಳಿ ಅಜ್ಜಿಯನ್ನು ಕರೆದುಕೊಂಡು ಹೊರಟೆವು. ಹಿಂದಿನ ಸೀಟಿನಲ್ಲಿ ಅಜ್ಜಿ ಕಾಲು ಚಾಚಿ ಮಲಗಿದರು, ತಲೆ ಅತ್ತೆಯ ತೊಡೆಯ ಮೇಲೆ. ಕುಲುಕಿದಾಗಲೆಲ್ಲ ಅತ್ತೆ ಬಗ್ಗಿ ಅವ್ವನನ್ನು ಹಿಡಿದುಕೊಳ್ಳುತ್ತಿದ್ದರು. ಸಿಂಗಾಪುರ ಮುಟ್ಟಿದ ಮೇಲೆ ಮಾವ ಹಿಂತಿರುಗಿ, ವಾಂತಿ ಬರಲಿಲ್ಲವಾ ಅಂತ ಕೇಳಿದರು. ಅತ್ತೆ ಸ್ವಲ್ಪ ಯೋಚಿಸಿ, "ಅಯ್ಯೋ, ಮರ್ತೇಹೋಗಿತ್ತು" ಅಂದರು. ಈ ಕಾರು ಹೋಗುವಾಗ ಸರಿಯಿಲ್ಲ, ಬರುವಾಗ ಸರಿಯಿದೆ ಅಂತ ಮಾವ ಊರಿಗೆಲ್ಲ ಹೇಳಿಕೊಂಡು ತಿರುಗಿದರು.

ಅಜ್ಜಿ ಬಂದಿದ್ದು ನಾಲ್ಕು ದಿನಕ್ಕೆ. ಮಗನಿರುವಾಗ ಮಗಳ ಮನೆಯಲ್ಲಿ ಕೂತು ಉಂಡರೆ ನಾಲ್ಕು ಜನ ಏನಂದಾರು ಅಂತ ಅವರಿಗೆ ಸಂಕೋಚ. ಐದನೆಯ ದಿನ ಬೆಳಗ್ಗೆಯೇ ಗಂಟು ಕಟ್ಟಿಕೊಂಡು, ಊರಿಗೆ ಬಿಟ್ಟು ಬಾ ಅಂದರು. ಮಾವನವರು ಒಂದು ನಿಮಿಷವೂ ತಡಮಾಡದೆ, "ಕಾರು ಕೆಟ್ಟೋಗೈತಲ್ಲ ಅವ್ವಾ, ರಿಪೇರಿ ಆದೇಟ್ಗೆ ಬಿಟ್ಬರ್ತೀನಿ" ಅಂದರು.

ಹೊಸಾ ಕಾರು! ಹೊಟ್ಟೆಗೆ ಪೆಟ್ರೋಲು ತುಂಬಿಕೊಂಡು ಮೀಸೆ ತಿರುವುತ್ತಿದ್ದ ಕಾರು! ಅವತ್ತಿನಿಂದ ಅದು ಹುಲ್ಲಿನ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದು ಮಲಗಿತು. ಕೋಳಿಗಳು ಅದರ ಮೇಲೆ ಕೂತವು. ಕಾರಿನ ಯಜಮಾನರಾದ ನಮ್ಮ ಮಾವ, ಅಜ್ಜಿಗೆ ಕೇಳುವಂತೆ "ಬಸ್ಸಿಗೆ ಓಗ್ಬರ್ತೀನಿ" ಅಂತ ಕೂಗಿ ಹೇಳಿ, ಬಸ್ಸಿನಲ್ಲಿ ನಿಂತುಕೊಂಡು ಯಶವಂತಪುರಕ್ಕೆ ಹೋಗಿ ಬರುತ್ತಿದ್ದರು. ಊರೆಲ್ಲ ನಕ್ಕಿತು. ನಮ್ಮ ಯಜಮಾನರು ಸಿಟ್ಟಾಗಿ, ಕೊಟ್ಟಿಗೆಯಲ್ಲಿ ಇಡುವುದಕ್ಕಾ ಇಷ್ಟು ವರ್ಷ ಕಾದಿದ್ದು ಅಂತ ಕೂಗಾಡಿದರು. ಮಾವ ತಣ್ಣಗೆ, ಅದು ಅದರ ಕೆಲಸ ಮಾಡುತ್ತಿದೆ, ನಿನ್ನ ಕೆಲಸ ನೀನು ನೋಡು ಅಂದರು. ವಾರಕ್ಕೊಮ್ಮೆ ಬ್ಯಾಟರಿ ಸಾಯದಿರಲಿ ಅಂತ ಸ್ಟಾರ್ಟ್ ಮಾಡಲೇಬೇಕಿತ್ತು. ಆ ಸದ್ದಿಗೆ ಅಜ್ಜಿ ಅದೇನು ಅಂತ ಕೇಳಿದರೆ, ದ್ರಾಕ್ಷಿ ಲಾರಿ ಅನ್ನುವುದು ನನ್ನ ಪಾಲಿನ ಸುಳ್ಳು. ದ್ರಾಕ್ಷಿ ಕಾಲ ಮುಗಿದ ಮೇಲೂ ನಮ್ಮನೆಗೆ ಲಾರಿ ಬರುತ್ತಲೇ ಇತ್ತು!

ಅಜ್ಜಿ ಮೊದಮೊದಲು ದಿನವೂ ಕೇಳುತ್ತಿದ್ದರು, ಆಮೇಲೆ ಹಬ್ಬಕ್ಕೊಮ್ಮೆ ಕೇಳಿದರು, ಆಮೇಲೆ ಕೇಳುವುದನ್ನೇ ಬಿಟ್ಟರು. ಅವರ ಮಗನೂ ಬಂದು ನೋಡಿಕೊಂಡು, ಕಾರಿನ ಆರೋಗ್ಯ ವಿಚಾರಿಸಿಕೊಂಡು ಹೋಗುತ್ತಿದ್ದರು. ಮೂರು ವರ್ಷ ಅಮ್ಮ ಮಗಳು ಒಂದೇ ಕೋಣೆಯಲ್ಲಿ ಮಲಗಿ, ಕಳೆದುಹೋದ ಮಾತನ್ನೆಲ್ಲ ಆಡಿಕೊಂಡರು. ಅತ್ತೆಯ ನಗು ಅಷ್ಟು ಜೋರು ಅಂತ ನನಗೆ ಗೊತ್ತಾದದ್ದೇ ಆಗ. ಆ ನಗು ಕೇಳಿದಾಗಲೆಲ್ಲ ಮಾವ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದರು.

ಕೊನೆಗೆ ಅಜ್ಜಿ ಹಾಸಿಗೆ ಹಿಡಿದರು. ಈ ಸಲ ಯಾರೂ ಎಲ್ಲಿಗೂ ಓಡಬೇಕಾಗಿರಲಿಲ್ಲ, ಅತ್ತೆ ಪಕ್ಕದಲ್ಲೇ ಇದ್ದರು. ಕಣ್ಣು ಮುಚ್ಚುವುದಕ್ಕೆ ಎರಡು ದಿನ ಮುಂಚೆ, ಒಂದು ಸಂಜೆ, ನಾನು ಗಂಜಿ ಹಿಡಿದು ಕೋಣೆಗೆ ಹೋದೆ. ಮಾವ ಬಾಗಿಲ ಹತ್ತಿರ ನಿಂತಿದ್ದರು. ಅಜ್ಜಿ ಮಗಳ ಕೈ ಹಿಡಿದುಕೊಂಡು, ಸಣ್ಣ ದನಿಯಲ್ಲಿ ಹೇಳಿದರು:

"ನಿನ್ ಗಂಡಂಗೆ ಏಳು ಮಗಾ, ಆ ಕಾರ ರಿಪೇರಿ ಮಾಡ್ಸಾದು ಬ್ಯಾಡ ಅಂತ."

ಮಾವನವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಆಗ್ಲಿ ಅವ್ವಾ" ಅಂದರು.