ಎಂಟು ಹಮಾಲರ ಕಂಪ್ಯೂಟರು

ಹಳೆ ಮಷೀನು ರಿಪೇರಿಗೆ ಕೂತವನ ಸುತ್ತ ದಿನಕ್ಕೊಂದು ತಮಾಷೆ ನಡೆದೇ ನಡೆಯುತ್ತದೆ. ಎಂಬತ್ತರ ದಶಕದ ಮೊದಲಲ್ಲಿ ನಾನು ರಾಯಚೂರಿನ ಒಂದು ತಾಂತ್ರಿಕ ಕಾಲೇಜಿನ ಲ್ಯಾಬಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಹೈದರಾಬಾದಿನ ಆಫೀಸೊಂದು ಬೇಡವೆಂದು ಬಿಟ್ಟ ಮಿನಿ ಕಂಪ್ಯೂಟರು ನಮಗೆ ದಾನವಾಗಿ ಬಂತು. ಕೆಟ್ಟು ನಿಂತಿತ್ತು, ಆದರೂ ಖುಷಿಗೆ ನನಗೆ ಎರಡು ದಿನ ಊಟ ಸೇರಲಿಲ್ಲ.

೧. ಸಣ್ಣದು

ಲಾರಿಯಿಂದ ಇಳಿದದ್ದು ಎರಡು ಕಬ್ಬಿಣದ ಕಪಾಟು, ಮೈತುಂಬ ಸ್ವಿಚ್ಚು ಮತ್ತು ದೀಪ, ಜೊತೆಗೆ ಉತ್ತರ ಅಚ್ಚು ಹೊಡೆಯುವ ಒಂದು ಟೈಪ್ ಯಂತ್ರ. ಕಾಲೇಜಿನ ಅಧ್ಯಕ್ಷರಾದ ಸಾಹುಕಾರರು ತಮ್ಮ ರೈಸ್ ಮಿಲ್ಲಿನಿಂದ ಎಂಟು ಹಮಾಲರನ್ನು ಕರೆತಂದಿದ್ದರು.

“ಆಯುಧ ಪೂಜಿ ದಿನ ಬಂದು ನೋಡ್ತೀನಿ. ಅಷ್ಟರಾಗ ಚಾಲೂ ಆಗ್ಲಿಲ್ಲಂದ್ರ ಗುಜರಿಗಿ ಹಾಕ್ತೀನಿ. ನನಗ ಈ ರೂಮ್ ಬೇಕಾಗ್ಯದ” ಎಂದರು. ಪೂಜೆಗೆ ಮೂರೇ ತಿಂಗಳಿತ್ತು. ಆಮೇಲೆ ಕೇಳಿದರು, “ಮಿನಿ ಅಂದ್ರ ಸಣ್ಣದು ಅಂದಿದ್ರಲ್ರೀ?”

“ಹೌದ್ರಿ ಸಾವ್ಕಾರ್ರ. ದೊಡ್ಡದಕ್ಕ ಒಂದು ಇಡೀ ಮನಿ ಬೇಕಾಗ್ತದ್ರಿ.”

ಸಾಹುಕಾರರು ಬೆವರು ಒರೆಸಿಕೊಳ್ಳುತ್ತಿದ್ದ ಹಮಾಲರ ಕಡೆ ನೋಡಿ, “ಸಣ್ಣದು ಕೊಟ್ಟವ್ರ ಹೊಟ್ಟಿ ತಣ್ಣಗಿರ್ಲಿ” ಎಂದರು.

೨. ಮೊದಲ ಔಟ್‌ಪುಟ್ಟು

ನಮ್ಮ ಲ್ಯಾಬಿನ ಎದುರಿಗೇ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು. ಕಿಟಕಿ ಮುಚ್ಚಲು ನಾನು ಮರೆತಿದ್ದೆ. ಎರಡು ವಾರ ಬಿಟ್ಟು ಕಪಾಟಿನ ಬೆನ್ನು ಬಿಚ್ಚಿದರೆ ಫ್ಯಾನು, ತಂತಿ, ಕಾರ್ಡು ಎಲ್ಲದರ ಮೇಲೂ ಬೆಳ್ಳನೆಯ ಹತ್ತಿ. ನನ್ನ ಪಿತ್ತ ನೆತ್ತಿಗೇರಿತು. ಲ್ಯಾಬಿನ ಜವಾನ ಮಾತ್ರ ತಾಳ್ಮೆಯಿಂದ ಒಂದು ವಾರ ಕೂತು ಎಳೆ ಎಳೆಯಾಗಿ ಬಿಡಿಸಿದ.

ಸೋಮವಾರ ಬಂದು ನೋಡಿದರೆ ಮಧ್ಯಾಹ್ನದ ನಿದ್ದೆಗೆಂದು ಅವನ ತಲೆಯ ಕೆಳಗೆ ಒಂದು ಪುಟ್ಟ ಹೊಸ ದಿಂಬು. ಆ ಕಂಪ್ಯೂಟರಿನಿಂದ ನಮಗೆ ಸಿಕ್ಕ ಮೊದಲ ಔಟ್‌ಪುಟ್ಟು ಅದೇ.

೩. ಬೆಲ್ಟು

ಇದರ ಪ್ರೋಗ್ರಾಮು ಇರುತ್ತಿದ್ದದ್ದು ತೂತು ಹೊಡೆದ ಕಾಗದದ ಪಟ್ಟಿಯಲ್ಲಿ. ಪಟ್ಟಿ ಒಂದು ಗಾಜಿನ ಮೇಲೆ ಓಡಬೇಕು, ತೂತುಗಳಿಂದ ಬೆಳಕು ಗಾಜಿಗೆ ಬೀಳಬೇಕು. “ಈ ಗಾಜೇ ಇದರ ಕಣ್ಣು ನೋಡಪಾ” ಎಂದು ಜವಾನನಿಗೆ ತಿಳಿಸಿ ಹೇಳಿದ್ದೆ. ಆದರೆ ಪಟ್ಟಿ ಓಡಿಸುವ ರಬ್ಬರ್ ಬೆಲ್ಟು ಹರಿದಿತ್ತು.

ರಾಯಚೂರಿನಲ್ಲಿ ಎಲ್ಲೂ ಸಿಗಲಿಲ್ಲ. ದೇವದುರ್ಗದ ರೇಡಿಯೋ ಅಂಗಡಿಯಲ್ಲಿ ಸಿಕ್ಕ ಬೆಲ್ಟು ಚಿಕ್ಕದಾಯಿತು. ಮಾನ್ವಿಗೆ ಹೋದೆ. ಅಲ್ಲಿ ಹೊಲಿಗೆ ಮಷೀನು ರಿಪೇರಿ ಮಾಡುವವನು, “ಅಳತಿ ನೋಡ್ಲಾರ್ದ ಕೊಡಾಂಗಿಲ್ರಿ. ಮಷೀನ್ ತಗೊಂಡ್ ಬರ್ರಿ” ಎಂದ.

“ಅದನ್ನ ಹೊರಾಕ ಎಂಟು ಹಮಾಲ್ರು ಬೇಕಪಾ.”

ಅವನು ಅಳತೆಯ ಟೇಪು ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದ. “ಅಂಥಾದ್ರಾಗ ಯಾರ ಅಂಗಿ ಹೊಲ್ಯಾಕತ್ತೀರ್ರಿ?”

೪. ಪೂಜೆ

ಮಷೀನು ಸತ್ತರೆ ಒಯ್ಯಬೇಕಾದವರು ಗುಜರಿ ಅಂಗಡಿಯ ಚಾಚಾ. ದಿನಾ ಬಂದು ಕಪಾಟು ಸವರಿ, “ಕ್ಯಾ ಸಾಬ್, ಇನ್ನಾ ಉಸುರು ಅದ ಏನು?” ಎಂದು ಕೇಳಿ ಚಹಾ ಕುಡಿದು ಹೋಗುತ್ತಿದ್ದರು. ಬೆಲ್ಟಿನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕವರು, ಮರುದಿನ ಹಳೆಯ ಸೈಕಲ್ ಟ್ಯೂಬು ತಂದು ಕತ್ತರಿಯಿಂದ ಉಂಗುರ ಕೊಯ್ದು ಕೊಟ್ಟರು. ಅಚ್ಚುಕಟ್ಟಾಗಿ ಕೂತಿತು. ಪೂಜೆಯ ಹಿಂದಿನ ದಿನ ಪಟ್ಟಿ ಸರ್ರನೆ ಓಡಿ, ಟೈಪ್ ಯಂತ್ರ ಕಟಕಟನೆ ಹದಿನೇಳರ ಮಗ್ಗಿ ಹೊಡೆಯಿತು. ನಾನೂ ಚಾಚಾನೂ ತಬ್ಬಿಕೊಂಡು ಕುಣಿದೆವು.

ಮರುದಿನ ಜವಾನ ಹೂವು, ಕಾಯಿ, ಊದಿನಕಡ್ಡಿ ಎಲ್ಲ ಮುಗಿಸಿದ್ದ. ಸಾಹುಕಾರರು ಬಂದರು, ಹಿಂದೆ ತಕ್ಕಡಿ ಹೊತ್ತು ಚಾಚಾ. ನಾನು ಸ್ವಿಚ್ಚು ಒತ್ತಿದೆ. ಪಟ್ಟಿ ಓಡಿತು, ಟೈಪ್ ಯಂತ್ರ ಮಿಸುಕಲಿಲ್ಲ. ಮತ್ತೊಮ್ಮೆ ಒತ್ತಿದೆ, ಅದೇ ಹಾಡು.

“ತೂಗ್ರಿ ಚಾಚಾ” ಎಂದರು ಸಾಹುಕಾರರು.

ಚಾಚಾ ತಕ್ಕಡಿ ಕೆಳಗಿಟ್ಟು ಬಗ್ಗಿ ನೋಡಿದರು. “ಸಾಬ್, ಇದರ ಕಣ್ಣಾಗ ಯಾರು ವಿಭೂತಿ ಬಳದಾರ?”

ಜವಾನ ಕೈಕಟ್ಟಿ ನಿಂತ. “ನಾನೇ ಯಪ್ಪಾ. ಹಣಿ ಯಾವ್ದು ತಿಳೀಲಿಲ್ಲ. ಕಣ್ಣು ಗೊತ್ತಿತ್ತು, ಅಲ್ಲೇ ಮೂರು ಬಟ್ಟು ಎಳದೆ.”

ಚಾಚಾ ಹೆಗಲ ಮೇಲಿನ ರುಮಾಲಿನಿಂದ ಗಾಜು ಒರೆಸಿದರು. ಪಟ್ಟಿ ಓಡಿತು, ಮಗ್ಗಿ ಸುರಿಯಿತು. ಸಾಹುಕಾರರು ಹದಿನೇಳು ಹತ್ತಲಿ ನೂರಾ ಎಪ್ಪತ್ತರ ತನಕ ಬೆರಳು ಮಡಚಿ ತಾಳೆ ನೋಡಿ, “ಖರೇ ಅದ” ಎಂದು ನಕ್ಕರು. ನನ್ನ ಕಣ್ಣು ತುಂಬಿ ಬಂತು.

“ಚಾಚಾ, ನಿಮ್ಮ ಮಾಲು ನೀವೇ ಕಳಕೊಂಡ್ರಲ್ರೀ” ಎಂದೆ.

“ಏನ್ ಮಾಡ್ಲಿ ಸಾಬ್, ಮೂರು ತಿಂಗಳು ದಿನಾ ಮಾತಾಡ್ಸೀನಿ. ತೂಗಾಕ ಮನಸ್ಸು ಬರಲಿಲ್ಲ.”

ಸಾಹುಕಾರರು ಮಾತ್ರ ಬೇರೆಯೇ ಲೆಕ್ಕ ಹಾಕಿದ್ದರು. “ಮೂರು ತಿಂಗಳು ಸುಮ್ನಿದ್ದದ್ದು ವಿಭೂತಿ ಬಿದ್ದ ದಿನಾನೇ ಮಾತಾಡ್ತಲ್ಲ. ಇನ್ನ ದಿನಾ ಹಚ್ಚಬೇಕು” ಎಂದು ಜವಾನನಿಗೆ ಹುಕುಂ ಕೊಟ್ಟು ಹೋದರು.

ಅಧ್ಯಕ್ಷರ ಮಾತು ಮೀರುವವರು ಯಾರು? ಅಂದಿನಿಂದ ದಿನಾ ಬೆಳಿಗ್ಗೆ ಜವಾನ ಹಚ್ಚುತ್ತಿದ್ದ, ಚಾಚಾ ಅಂಗಡಿ ತೆರೆಯುವ ಮುಂಚೆ ಬಂದು ಒರೆಸುತ್ತಿದ್ದರು. ಆಮೇಲೆ ನಾನು ಸ್ವಿಚ್ಚು ಒತ್ತುತ್ತಿದ್ದೆ.