ರಾಣಿಯ ಮೂಗು ಮತ್ತು ನಮ್ಮ ಮಾವ

ನಮ್ಮ ಸೋದರಮಾವನಿಗೆ ಪರಸ್ತ್ರೀಯೊಬ್ಬಳ ಮೂಗಿನ ಮೇಲೆ ವಿಪರೀತ ವ್ಯಾಮೋಹ! ಗಾಬರಿಯಾಗಬೇಡಿ, ಅತ್ತೆಗೂ ಗೊತ್ತಿದ್ದ ವಿಷಯವೇ. ಆಕೆ ಹಳೆಯ ಬೆಳ್ಳಿ ರೂಪಾಯಿಯ ಮೇಲಿದ್ದ ರಾಣಿ.

ಯುದ್ಧದ ಕಾಲದಲ್ಲಿ ಬಂದ ಹೊಸ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕರ್ಧ. "ಇದು ರೂಪಾಯಿ ಅಲ್ಲ ಕಣಮ್ಮಾ, ನೀರುಮಜ್ಜಿಗೆ" ಎಂದು ಮಾವ ಮುಖ ಸಿಂಡರಿಸುತ್ತಿದ್ದ. ಹಳೆಯದಾದರೂ ಸುಮ್ಮನೆ ಒಪ್ಪುವವನೇ? ಬೂದಿಗೆರೆಯಿಂದ ದೇವನಹಳ್ಳಿಗೆ ಹೋಗಿ, ಜವಳಿ ಅಂಗಡಿಯ ಸಾಹೇಬರ ಗಲ್ಲಾದಲ್ಲಿದ್ದ ರಾಣಿಯರನ್ನೆಲ್ಲ ಹೊರಗೆ ತೆಗೆಸುತ್ತಿದ್ದ. ಒಂದೊಂದನ್ನೂ ಹೊಸಿಲ ಕಲ್ಲಿಗೆ ಬಡಿದು ನಾದ ಕೇಳಬೇಕು, ಬಿಸಿಲಿಗೆ ಹಿಡಿದು ಗೀರು ಹುಡುಕಬೇಕು!

"ಏನ್ ಸ್ವಾಮಿ, ರೂಪಾಯಿ ತಗೊಳ್ತೀರೋ, ಹೆಣ್ಣು ನೋಡ್ತೀರೋ?" ಸಾಹೇಬರು ಕೇಳಿದರಂತೆ.

"ಹೆಣ್ಣಿನ ಮೂಗು ಹೆಂಗಿದ್ರೂ ಒಪ್ಕೋಬೋದು ಸಾಹೇಬ್ರೇ. ರಾಣಿ ಮೂಗು ಸವೆದಿರಬಾರ್ದು!"

ಹಾಗೆ ಆರಿಸಿ ತಂದವು ಎಲೆಯಡಿಕೆ ಡಬ್ಬಿಯಲ್ಲಿ, ಅರಳೆಯ ಹಾಸಿಗೆಯ ಮೇಲೆ ಮಲಗಿರುತ್ತಿದ್ದವು. ಒಮ್ಮೆ ಲಕ್ಷ್ಮೀಪೂಜೆಗೆಂದು ಅತ್ತೆ ಅವನ್ನು ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಬೆಳಗಿಬಿಟ್ಟರು. ಗಂಡ ಮೆಚ್ಚುತ್ತಾನೆಂದು ಪಾಪ ಕಾದರು. ಮಾವ ಅವತ್ತು ಊಟವನ್ನೇ ಮಾಡಲಿಲ್ಲ! ರಾಣಿಯರ ಮೈಯೆಲ್ಲ ಗೀರು. ಅತ್ತೆ ಬಿಡುತ್ತಾರೆಯೇ? "ನನಗೆ ಜ್ವರ ಬಂದಾಗ ಎರಡು ಹೊತ್ತೂ ಉಂಡ್ರಲ್ಲಾ!" ಎಂದರು.

ಡಬ್ಬಿಯ ಮೂಲೆಯಲ್ಲಿ ಅಡಗಿ ಹುಣಸೆಹಣ್ಣಿನಿಂದ ಪಾರಾದದ್ದು ಒಂದೇ ಒಂದು. ಅದು ಮಾವನ ಪ್ರಾಣ. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಆಮೇಲೆ ನನ್ನ ಮಗಳ ಅನ್ನಪ್ರಾಶನ ಬಂತು. ನಮ್ಮಲ್ಲಿ ಮಗುವಿಗೆ ಮೊದಲ ಪಾಯಸ ನೆಕ್ಕಿಸುವುದು ಬೆಳ್ಳಿ ರೂಪಾಯಿಯಿಂದ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ಅದರ ಸೋದರಮಾವ; ನನಗೆ ಒಡಹುಟ್ಟಿದವರಿಲ್ಲದ್ದರಿಂದ ಆ ಜಾಗದಲ್ಲಿ ಕೂತವನು ನಮ್ಮ ಮಾವನೇ. ಅಮ್ಮ ಹೊಸ ರೂಪಾಯಿಯೊಂದನ್ನು ತೊಳೆದು ತಂದಳು.

"ಆ ಕಲಬೆರಕೆ ನನ್ನ ಮೊಮ್ಮಗಳ ಬಾಯಿಗಾ?" ಮಾವ ಗುಡುಗಿದ. ಡಬ್ಬಿ ತರಿಸಿ, ತಾನೇ ಪ್ರಾಣವನ್ನು ಪಾಯಸಕ್ಕೆ ಅದ್ದಿದ.

ಮಗು ಚಪ್ಪರಿಸಿತು. ಮರುಕ್ಷಣವೇ ರೂಪಾಯಿಯನ್ನು ಕಿತ್ತುಕೊಂಡು ಒಗೆಯಿತು ನೋಡಿ, ನೇರ ಒರಳುಕಲ್ಲಿಗೆ! ಠಣ್! ಅಂಚು ನೆಗ್ಗಿತು.

ಮಾವ ಅದನ್ನು ಎತ್ತಿಕೊಂಡು ನೆಗ್ಗಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದ. ಅವನ ಕಣ್ಣು ತುಂಬಿದವು.

"ನಾದ ಕೇಳಿದ್ಯೇನೇ?" ಎಂದ ಅತ್ತೆಯ ಕಡೆ ತಿರುಗಿ. "ಎಷ್ಟು ಚೆನ್ನಾಗಿ ಬಡಿದ್ಲು ನನ್ನ ಕೂಸು!"

ಅತ್ತೆ-ಮಾವನಿಗೆ ಮಕ್ಕಳಿರಲಿಲ್ಲ. ಅದಾದ ಮೇಲೆ ಮನೆಗೆ ಬಂದವರಿಗೆ ಮಾವ ತೋರಿಸುತ್ತಿದ್ದದ್ದು ಆ ಒಂದೇ ರೂಪಾಯಿ. ಮೂಗಿನ ಮಾತೇ ಇಲ್ಲ. "ಈ ಅಂಚು ಮುಟ್ಟಿ ನೋಡಿ, ನಮ್ಮ ಮೊಮ್ಮಗಳ ಕೆಲಸ" ಎಂದು ಎಲ್ಲರ ಕೈಗೂ ಕೊಡುತ್ತಿದ್ದ.