ಆಸ್ಪತ್ರೆ ತಾರಸಿಯ ಹಾಲುಹಲ್ಲುಗಳು

ನಮ್ಮ ಚಿಕ್ಕಮ್ಮನಿಗೆ ಮುಖ ನೋಡಿ ಮನುಷ್ಯರ ಗುರುತು ಹಿಡಿಯಲು ಬರುವುದಿಲ್ಲ ಎಂದರೆ ನೀವು ನಂಬಲೇಬೇಕು. ಬಾಯಿ ತೆರೆಯುವವರೆಗೂ ನೀವು ಆಕೆಗೆ ಅಪರಿಚಿತರೇ! ಮೊನ್ನೆ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ದಪ್ಪ ಮೀಸೆಯ ಕಂಡಕ್ಟರೊಬ್ಬ "ಚೆನ್ನಾಗಿದೀರಾ ಸಿಸ್ಟರಮ್ಮ?" ಎಂದು ಕೈಮುಗಿದ. ಆಕೆ ಪಿಳಿಪಿಳಿ ನೋಡಿದಳು. ಅವನು ನಕ್ಕದ್ದೇ ತಡ, "ಅಯ್ಯೋ, ಎಡಗಡೆ ಮೇಲಿನ ದವಡೆ! ಎಷ್ಟು ದೊಡ್ಡೋನಾಗಿದೀಯೋ!" ಎಂದು ಬೆನ್ನು ತಟ್ಟಿದಳು. ಪಾಪ, ಟಿಕೆಟ್ ಕೊಡುವಾಗ ಅವನು ಬಾಯಿ ಬಿಗಿಹಿಡಿದುಕೊಂಡೇ ಇದ್ದ.

ಚಿಕ್ಕಮ್ಮ ಕುಣಿಗಲ್ ತಾಲ್ಲೂಕಿನಲ್ಲಿ, ಅಮೃತೂರಿನಾಚೆಯ ಒಂದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸು. ಕೆಲಸ ಜ್ವರ, ಇಂಜೆಕ್ಷನ್ನು, ಬಾಣಂತಿಯರದು. ಹುಚ್ಚು ಮಾತ್ರ ಮಕ್ಕಳ ಹಲ್ಲಿನದು. ಬೇರೆ ಹೆಂಗಸರ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ, ಪೌಡರ್ ಇದ್ದರೆ ಆಕೆಯದರಲ್ಲಿ ಒಂದು ಟಾರ್ಚು, ಒಂದು ಸ್ಟೀಲ್ ಚಮಚ.

ಗುಬ್ಬಿಯಲ್ಲಿ ನನ್ನ ತಮ್ಮನ ಮದುವೆ. ಧಾರೆಯ ಹೊತ್ತಿಗೆ ಚಿಕ್ಕಮ್ಮ ನಾಪತ್ತೆ! ಹುಡುಕಿಕೊಂಡು ಹೋದರೆ, ಕೈತೊಳೆಯುವ ನಲ್ಲಿಗಳ ಹತ್ತಿರ ಎರಡೂ ಕಡೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ಆ... ಅನ್ನಪ್ಪ" ಎಂದು ಟಾರ್ಚ್ ಬಿಡುತ್ತಿದ್ದಾಳೆ. ಫೋಟೋದವನು ಇದೂ ನಮ್ಮ ಕಡೆಯ ಒಂದು ಶಾಸ್ತ್ರವಿರಬೇಕು ಎಂದುಕೊಂಡು ಒಂದನ್ನೂ ಬಿಡದೆ ತೆಗೆದ. ಇವತ್ತಿಗೂ ತಮ್ಮನ ಆಲ್ಬಮ್ಮಿನಲ್ಲಿ ಮೂರು ಪುಟ ಬರೀ ತೆರೆದ ಬಾಯಿಗಳು, ಆಮೇಲೆ ತಾಳಿ! ಆ ಪುಟಗಳಲ್ಲಿ ಮುಚ್ಚಿದ ಬಾಯಿ ಎಂದರೆ ಚಿಕ್ಕಮ್ಮನದೊಂದೇ. ನಗು ಬಂದಾಗಲೆಲ್ಲ ಸೆರಗು ಅಡ್ಡ ಹಿಡಿಯುವುದು ಆಕೆಯ ಅಭ್ಯಾಸ. ಹಳೇ ಕಾಲದ ನಾಚಿಕೆ ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು.

ಆಕೆಯ ಆಸ್ಪತ್ರೆಗೆ ತಿಂಗಳಿಗೊಂದು ಗುರುವಾರ ಹಲ್ಲಿನ ಡಾಕ್ಟರಮ್ಮ ಬರುತ್ತಿದ್ದರು. ಡಾಕ್ಟರಮ್ಮ ಬರುತ್ತಿದ್ದರು, ಮಕ್ಕಳು ಬರುತ್ತಿರಲಿಲ್ಲ. "ಹಿಂಗೇ ಆದ್ರೆ ನನ್ನನ್ನ ಬೇರೆ ಕಡೆ ಹಾಕ್ತಾರೆ ಸಿಸ್ಟರ್" ಎಂದು ಅವರು ಒಂದು ದಿನ ಹೇಳಿದ್ದೇ ಚಿಕ್ಕಮ್ಮನಿಗೆ ನಿದ್ದೆ ಹಾರಿಹೋಯಿತು. ಮನೆಮನೆಗೆ ಹೊರಟಳು.

"ಬಿದ್ದೋಗೋ ಹಲ್ಲಿಗೆ ಯಾಕವ್ವ ಡಾಕ್ಟ್ರು? ಬುಡು ಅತ್ಲಾಗೆ" ಎಂದರು ಅಜ್ಜಿಯೊಬ್ಬರು.

"ಕುಣಿಗಲ್ ಬಸ್ಸಲ್ಲಿ ಕಿಟಕಿಯಿಂದ ಸೀಟಿಗೆ ಟವಲ್ ಹಾಕ್ತೀಯಲ್ಲಜ್ಜಿ, ಯಾಕೆ?"

"ಇನ್ಯಾರೂ ಕೂತ್ಕೋಬಾರ್ದು ಅಂತ."

"ಹಾಲುಹಲ್ಲು ಆ ಟವಲ್ ಇದ್ದಂಗೆ ಕಣಜ್ಜಿ! ಹಿಂದೆ ಬರೋ ಹಲ್ಲಿಗೆ ಜಾಗ ಹಿಡ್ಕೊಂಡಿರುತ್ತೆ. ಹುಳುಕಾಗಿ ಮೊದಲೇ ಹೋದ್ರೆ ಪಕ್ಕದೋನು ಬಂದು ಕೂತ್ಕೋತಾನೆ."

ಅಜ್ಜಿ ತಲೆದೂಗಿದರು. ಮೊಮ್ಮಗನನ್ನು ಮಾತ್ರ ಕಳಿಸಲಿಲ್ಲ.

ಆಗ ಹೊಳೆಯಿತು ಚಿಕ್ಕಮ್ಮನಿಗೊಂದು ಉಪಾಯ. ಬಿದ್ದ ಹಾಲುಹಲ್ಲನ್ನು ಸಗಣಿ ಉಂಡೆಯೊಳಗಿಟ್ಟು ಮನೆಯ ಸೂರಿನ ಮೇಲೆ ಎಸೆಯುವುದು ನಮ್ಮಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ ತಾನೇ? ಆಕೆ ಊರಿಗೆಲ್ಲ ಸಾರಿದಳು: "ಇನ್ಮೇಲೆ ಆಸ್ಪತ್ರೆ ತಾರಸಿ ಮೇಲೆ ಎಸೀರಿ, ಗುರುವಾರದ ದಿನ. ಎಸೆಯೋಕೆ ಮುಂಚೆ ಉಳಿದ ಹಲ್ಲನ್ನ ಡಾಕ್ಟರಮ್ಮಂಗೆ ತೋರಿಸ್ಬೇಕು. ಎಸೆದ್ಮೇಲೆ ಸೋಪಲ್ಲಿ ಕೈ ತೊಳೀಬೇಕು."

"ನರ್ಸಾಗಿ ಇದೇನು ಚಿಕ್ಕಮ್ಮ, ಸೈನ್ಸ್ ಎಲ್ಲಿ ಹೋಯ್ತು?" ಎಂದು ನಾನು ಕಾಲೆಳೆದೆ.

"ಸೈನ್ಸು ಒಳಗಡೆ ಕುರ್ಚಿ ಮೇಲೆ ಕೂತಿದೆ ಕಣೇ, ಸಗಣಿ ಹೊರಗಡೆ ಇದೆ. ಒಳಗೆ ಬರೋಕೆ ಮಕ್ಕಳಿಗೊಂದು ನೆಪ ಬೇಡ್ವಾ?"

ಮಕ್ಕಳು ಬಂದರು ನೋಡಿ! ಬಿದ್ದ ಹಲ್ಲಿನವರು, ಅಲುಗಾಡುವ ಹಲ್ಲಿನವರು, ಅಣ್ಣ ಎಸೆಯುವುದನ್ನು ನೋಡಲು ಬಂದ ತಂಗಿಯರು. ಸಿಕ್ಕವರನ್ನೆಲ್ಲ ಡಾಕ್ಟರಮ್ಮನ ಮುಂದೆ ಕೂರಿಸಿದ್ದೇ ಕೂರಿಸಿದ್ದು.

ಮಳೆಗಾಲ ಬಂತು. ತಾರಸಿಯಲ್ಲಿ ನೀರು ನಿಂತು ಇಂಜೆಕ್ಷನ್ ಕೊಡುವ ಕೋಣೆ ಸೋರತೊಡಗಿತು. ನೋಡಲು ಬಂದ ಇಂಜಿನಿಯರ್ ಏಣಿ ಹತ್ತಿದವರು ಹತ್ತಿದಷ್ಟೇ ಬೇಗ ಇಳಿದರು. ಮುಖ ಬಿಳಿಚಿಕೊಂಡಿತ್ತು.

"ಸಿಸ್ಟರ್, ಪೈಪಿನ ತುಂಬ ಸಗಣಿ ಉಂಡೆ! ಒಡೆದ್ರೆ ಒಳಗೆ ಹಲ್ಲು! ಯಾರೋ ಮಾಟ ಮಾಡ್ಸಿದಾರೆ ಕಣ್ರೀ!"

"ಮಾಟ ಅಲ್ಲ ಸಾರ್, ನಮ್ಮ ಗುರುವಾರದ ಪೇಷೆಂಟ್‌ಗಳು."

ವಿಷಯ ಮೇಲಿನ ಆಫೀಸರಿಗೆ ಹೋಯಿತು. ಅವರು ಬಯ್ಯಲೆಂದೇ ಬಂದರು, ಬಂದದ್ದು ಗುರುವಾರ. ಜಗುಲಿಯಿಂದ ಗೇಟಿನವರೆಗೆ ಮಕ್ಕಳ ಸಾಲು. "ಇಷ್ಟೂ ಜನ ಹಲ್ಲಿಗಾ?" ಎಂದು ಬೆರಗಾಗಿ ಕೇಳಿದರು. ಡಾಕ್ಟರಮ್ಮ ಹೌದೆಂದರು. ಬಯ್ಯಲು ಬಂದವರು ಎರಡು ಆರ್ಡರ್ ಕೊಟ್ಟು ಹೋದರು: ತಾರಸಿ ಪೈಪಿಗೆ ಜಾಲರಿ ಹಾಕಿಸತಕ್ಕದ್ದು, ಹಲ್ಲಿನ ಡಾಕ್ಟರು ಇನ್ನು ಮೇಲೆ ತಿಂಗಳಿಗೆ ಎರಡು ಗುರುವಾರ ಬರತಕ್ಕದ್ದು! ಆ ಸುದ್ದಿಯನ್ನು ನಾನು ನಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ. ಏನು ಮಾಡಲಿ, ಹೆಮ್ಮೆ ತಡೆಯಲಾಗಲಿಲ್ಲ.

ಇತ್ತೀಚೆಗೆ ನನ್ನ ಮಗಳ ಮುಂದಿನ ಹಲ್ಲು ಬಿತ್ತು. ತುಮಕೂರಿನಲ್ಲಿ ನಮ್ಮದು ಮೂರನೇ ಮಹಡಿಯ ಬಾಡಿಗೆ ಮನೆ. ಎಸೆದರೆ ನಾಲ್ಕನೇ ಮಹಡಿಯವರ ಬಾಲ್ಕನಿಗೇ ಬೀಳಬೇಕು! "ಅಜ್ಜಿ ಆಸ್ಪತ್ರೇಲೇ ಎಸೀಬೇಕು" ಎಂದು ಹಟ ಹಿಡಿದಳು. ಗುರುವಾರವೇ ಹೋದೆವು. ಚಿಕ್ಕಮ್ಮ ಬಿದ್ದ ಹಲ್ಲನ್ನು ಟಾರ್ಚ್ ಹಾಕಿ ನೋಡಿ, "ಒಂದು ಚುಕ್ಕೇನೂ ಇಲ್ಲ!" ಎಂದು ತಾನೇ ಸಗಣಿ ಉಂಡೆ ಕಟ್ಟತೊಡಗಿದಳು.

"ನಿನ್ನ ಹಾಲುಹಲ್ಲೆಲ್ಲ ಯಾವ ಸೂರಿನ ಮೇಲಿದೆ ಚಿಕ್ಕಮ್ಮ?" ಎಂದೆ, ತಮಾಷೆಗೆ.

"ನಂದಾ? ಬಿದ್ರೆ ತಾನೇ ಎಸೆಯೋದು? ಎಲ್ಲಾ ಹುಳುಕಾಗಿ ಬಾಯೊಳಗೇ ಪುಡಿಪುಡಿ ಆಗೋದ್ವು ಕಣೇ. ಆಮೇಲೆ ಬಂದವೂ ಅಡ್ಡಾದಿಡ್ಡಿ." ಉಂಡೆಯನ್ನು ಅಂಗೈಯಲ್ಲಿ ಉರುಳಿಸುತ್ತಲೇ ಹೇಳಿದಳು. "ನಿಮ್ಮಮ್ಮ ಹಲ್ಲು ಎಸೆಯೋವಾಗ ನಾನೂ ಪಕ್ಕದಲ್ಲಿ ನಿಂತ್ಕೊಂಡು ಎಸೀತಿದ್ದೆ. ಬರೀ ಸಗಣಿ ಉಂಡೆ. ಒಳಗೆ ಏನೂ ಇರ್ತಿರ್ಲಿಲ್ಲ."

ಆ ಸೆರಗು ನಾಚಿಕೆಯದಲ್ಲ ಎಂಬುದು ಇಷ್ಟು ವರ್ಷ ನನಗೆ ಹೊಳೆಯಲಿಲ್ಲವಲ್ಲ!

ಮಗಳು ಅಜ್ಜಿಯ ಕೈಯನ್ನೇ ನೋಡುತ್ತಿದ್ದವಳು, "ಅಜ್ಜಿ, ಇದನ್ನ ನೀವೇ ಎಸೀರಿ. ನಂಗೆ ಇನ್ನೂ ತುಂಬ ಹಲ್ಲಿದೆ" ಎಂದಳು.

ಚಿಕ್ಕಮ್ಮ ಆ ಹಲ್ಲನ್ನು ಉಂಡೆಯೊಳಗೆ ಒತ್ತಿದಳು. ಆಮೇಲೆ ಹಿಂದೆ ಸರಿದು, ಉಸಿರು ಬಿಗಿಹಿಡಿದು ಎಸೆದಳು. ಉಂಡೆ ಗೋಡೆಗೆ ಬಡಿದು ಕೆಳಗೆ ಬಿತ್ತು. ಸಾಲಿನಲ್ಲಿದ್ದ ಮಕ್ಕಳು "ಇನ್ನೊಂದ್ಸಲ ಸಿಸ್ಟರಮ್ಮ!" ಎಂದು ಕೂಗಿದರು. ಎರಡನೇ ಸಲ ಉಂಡೆ ತಾರಸಿಯ ಅಂಚು ದಾಟಿ ಕಣ್ಮರೆಯಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಚಿಕ್ಕಮ್ಮನಿಗೆ ನಗು ಬಂತು. ಎರಡೂ ಕೈ ಸಗಣಿ, ಸೆರಗು ಹಿಡಿಯುವಂತಿಲ್ಲ. ಅರವತ್ತರ ಹತ್ತಿರ ಬಂದಿರುವ ನಮ್ಮ ಚಿಕ್ಕಮ್ಮ ಬಾಯಿ ತುಂಬ ನಕ್ಕಳು. ಆ ನಗುವನ್ನು ನಾನು ಪೂರ್ತಿಯಾಗಿ ನೋಡಿದ್ದು ಅವತ್ತೇ ಮೊದಲು.